ಹದಿನೇಳು ಉಸಿರು

ಅಂದಿನ ಪಟ್ಟಿಯಲ್ಲಿ ಅಕ್ಕ ಆರನೆಯವಳು. ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆದ ಕೂಡಲೇ ಸ್ಕ್ಯಾನಿಂಗ್ ಡಾಕ್ಟರಮ್ಮನ ಕಣ್ಣು ಹೋಗಿ ಬಿದ್ದದ್ದು ಆ ಸಾಲಿನ ಮೇಲೆಯೇ: ಹೆಣ್ಣು, ಐವತ್ತೆಂಟು ವರ್ಷ, ಮೂರನೇ ಮಹಡಿಯ ವಾರ್ಡು, ಲಿವರ್ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಸ್ಕ್ಯಾನ್. ಕೆಳಗೆ ಲಿವರ್ ಡಾಕ್ಟರ ಟಿಪ್ಪಣಿ: ರಕ್ತ ವಾಂತಿಯಾಗಿ ನಾಲ್ಕನೇ ದಿನ, ಹಿಂದಿನ ಸ್ಕ್ಯಾನಿನೊಂದಿಗೆ ಹೋಲಿಸುವುದು. ಹಿಂದಿನ ಸ್ಕ್ಯಾನ್ ಮಾಡಿದವಳು ತಂಗಿಯಾದ ಅವಳೇ. ಮೂರು ತಿಂಗಳ ಹಿಂದೆ, ಇದೇ ಕೋಣೆಯಲ್ಲಿ, ಇದೇ ಮಂಚದ ಮೇಲೆ. ಇವತ್ತು ರಜೆ ಹಾಕಬಹುದಿತ್ತು. ತಲೆನೋವು ಎಂದು ಒಂದು ಸಂದೇಶ ಕಳಿಸಿದ್ದರೆ ಬೇರೆ ಯಾರಾದರೂ ಅಕ್ಕನನ್ನು ನೋಡುತ್ತಿದ್ದರು. ಆದರೆ ಬೇರೆಯವರು ಹೋಲಿಸಲು ಹಳೆಯದನ್ನು ತೆರೆಯುತ್ತಾರಲ್ಲ ಎಂಬ ಯೋಚನೆ ಬಂದದ್ದೇ ರಜೆಯ ಯೋಚನೆ ಬಿಟ್ಟುಹೋಯಿತು. ತೆರೆದರೂ ಅಲ್ಲೇನೂ ಸಿಗುವುದಿಲ್ಲ, ಅಳಿಸಿದ್ದು ಅಳಿಸಿಹೋಗಿದೆ, ಅದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಬಂದಳು. ಅಕ್ಕನಿಗಾಗಿ ಬಂದೆ ಎಂದು ನರ್ಸಮ್ಮನಿಗೆ ಹೇಳಿದಳು. ನರ್ಸಮ್ಮ ಪಾಪ, "ಒಡಹುಟ್ಟಿದೋರು ಅಂದ್ರೆ ಹಂಗಿರ್ಬೇಕು ಮೇಡಂ" ಎಂದಳು.

ಮೊದಲನೆಯವನು ಪಿತ್ತಕೋಶದ ಕಲ್ಲಿನ ಗೃಹಸ್ಥ. ಹೊಟ್ಟೆಗೆ ಜೆಲ್ ಹಚ್ಚಿದ್ದೇ "ಅಬ್ಬಬ್ಬಾ, ಏನ್ ತಣ್ಣಗಿದೆ!" ಎಂದು ಬಿಗಿಯಾಗಿ, ಆಮೇಲೆ ಧೈರ್ಯ ತಂದುಕೊಂಡು, "ಏನ್ ಡಾಕ್ಟ್ರೇ, ಗಂಡೋ ಹೆಣ್ಣೋ?" ಎಂದ. ಇಪ್ಪತ್ತೆರಡು ವರ್ಷಗಳಲ್ಲಿ ಈ ಜೋಕನ್ನು ಕಡಿಮೆಯೆಂದರೂ ಐನೂರು ಗಂಡಸರ ಬಾಯಲ್ಲಿ ಕೇಳಿದ್ದಾಳೆ. "ಅವಳಿ ಸ್ವಾಮಿ, ಎರಡೂ ಕಲ್ಲು" ಎಂದಳು. ಅವನು ನಕ್ಕ, ಬಾಗಿಲ ಬಳಿ ಟವೆಲ್ ಮಡಿಸುತ್ತಿದ್ದ ನರ್ಸಮ್ಮ ನಕ್ಕಳು, ಅವಳೂ ನಕ್ಕಳು. ನಗು ಬಂತಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮೂರು ತಿಂಗಳ ಹಿಂದೆ ಅಕ್ಕನ ಸ್ಕ್ಯಾನ್ ಮುಗಿಸಿದಾಗಲೂ ಹೀಗೆಯೇ ನಕ್ಕಿದ್ದಳು. ಬಾಗಿಲು ತೆರೆದು, ಹೊರಗೆ ಬೆಂಚಿನ ಮೇಲೆ ಕೂತಿದ್ದ ಭಾವನಿಗೆ, "ಭಾವಾ, ಟ್ಯೂಬ್ ಬೇಡ್ವೇ ಬೇಡ! ಪಾರ್ಟಿ ಯಾವಾಗ?" ಎಂದಿದ್ದಳು. ಭಾವ ಎದ್ದು ನಿಂತು ಕೈ ಮುಗಿದಿದ್ದರು. ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವರು, ಲಂಗ ತೊಟ್ಟುಕೊಂಡು ಓಡಾಡುತ್ತಿದ್ದ ಕಾಲದಿಂದ ಅವಳನ್ನು ಕಂಡವರು, ಅವಳಿಗೆ ಕೈ ಮುಗಿದಿದ್ದರು. ಅವಳು ಅದನ್ನು ತಡೆಯಲಿಲ್ಲ. ಹಿತವಾಗಿತ್ತು.

ಲಿವರ್ ಗಟ್ಟಿಯಾಗುತ್ತ ಬಂದ ಹಾಗೆ, ಕರುಳಿನಿಂದ ಅದಕ್ಕೆ ರಕ್ತ ತರುವ ಪೋರ್ಟಲ್ ಎಂಬ ದಪ್ಪ ನಾಳದಲ್ಲಿ ಒತ್ತಡ ಏರುತ್ತದೆ. ಒಳಗೆ ಹೋಗಲು ದಾರಿಯಿಲ್ಲದ ರಕ್ತ ಸಿಕ್ಕ ಸಿಕ್ಕ ಸಂದಿಗೆ ನುಗ್ಗುತ್ತದೆ. ಅನ್ನನಾಳದ ಗೋಡೆಯಲ್ಲಿರುವ ಸಣ್ಣ ನಾಳಗಳು ಉಬ್ಬಿಕೊಳ್ಳುತ್ತವೆ. ಒಂದು ದಿನ ಯಾವುದೋ ಒಂದು ಒಡೆಯುತ್ತದೆ. ಉಬ್ಬಿವೆಯೋ ಇಲ್ಲವೋ ಎಂದು ನೋಡಲು ಬಾಯಿಂದ ಕ್ಯಾಮೆರಾದ ಟ್ಯೂಬ್ ಇಳಿಸಬೇಕು. ಎಲ್ಲರಿಗೂ ಇಳಿಸಬೇಕಾಗಿಲ್ಲ ಎಂಬುದೇ ಅವಳ ಯಂತ್ರದ ಹೆಚ್ಚುಗಾರಿಕೆ. ಪಕ್ಕೆಲುಬುಗಳ ನಡುವೆ ಪ್ರೋಬ್ ಎಂಬ ಅದರ ಹಿಡಿಕೆಯನ್ನಿಟ್ಟು, ರೋಗಿಗೆ ಉಸಿರು ಹಿಡಿಯಲು ಹೇಳಿ ಗುಂಡಿ ಒತ್ತಿದರೆ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂಬುದು ಒಂದು ಸಂಖ್ಯೆಯಾಗಿ ಬರುತ್ತದೆ. ಹತ್ತು ಸಲ ಉಸಿರು ಹಿಡಿಸಿ ಹತ್ತು ಸಂಖ್ಯೆ ತೆಗೆದು, ಅವುಗಳ ನಡುವಿನದನ್ನು ಲೆಕ್ಕಕ್ಕೆ ಹಿಡಿಯಬೇಕು. ಅದು ಇಪ್ಪತ್ತಕ್ಕಿಂತ ಕಡಿಮೆಯಿದ್ದು, ರಕ್ತದಲ್ಲಿ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಹೆಚ್ಚಿದ್ದರೆ ಟ್ಯೂಬಿನ ಗೊಡವೆಯಿಲ್ಲ. ಅಕ್ಕನ ಪ್ಲೇಟ್‌ಲೆಟ್ ಒಂದು ಲಕ್ಷದ ಐವತ್ತನಾಲ್ಕು ಸಾವಿರ ಇತ್ತು. ಉಳಿದದ್ದು ಅವಳ ಕೈಯಲ್ಲಿತ್ತು.

"ಟ್ಯೂಬ್ ಒಂದು ಬೇಡ ಕಣೇ ಪಾಪಚ್ಚಿ" ಎಂದಿದ್ದಳು ಅಕ್ಕ, ಮಂಚ ಹತ್ತುತ್ತಲೇ. ಐವತ್ತೊಂದು ವರ್ಷದ, ತಲೆ ನರೆತ ಡಾಕ್ಟರನ್ನು ನರ್ಸಮ್ಮನ ಎದುರಿಗೇ ಪಾಪಚ್ಚಿ ಅನ್ನುವವಳು ಭೂಮಿಯ ಮೇಲೆ ಅವಳೊಬ್ಬಳೇ. "ಸೂಜಿ ಬೇಕಾದ್ರೆ ಚುಚ್ಚು, ಎಷ್ಟು ಬೇಕಾದ್ರೂ ಚುಚ್ಚು. ಬಾಯೊಳಗೆ ಮಾತ್ರ ಏನೂ ಹಾಕಿಸ್ಬೇಡ. ಅಮ್ಮಂದು ನೋಡಿದೀನಲ್ಲ." ಅಮ್ಮನದನ್ನು ನೋಡಿದವಳು ಅಕ್ಕ ಮಾತ್ರ. ಅಮ್ಮನ ಗಂಟಲಿಗೆ ಟ್ಯೂಬ್ ಇಳಿಸಿದ ದಿನ, ಕಿತ್ತುಹಾಕದಂತೆ ಎರಡೂ ಕೈ ಅದುಮಿ ಹಿಡಿದುಕೊಳ್ಳಲು ಅಕ್ಕನಿಗೆ ಹೇಳಿದ್ದರಂತೆ. ಅಕ್ಕ ಹಿಡಿದುಕೊಂಡಳಂತೆ. ಬಿಡು ಬಿಡು ಎಂದು ಕಣ್ಣಲ್ಲೇ ಕೇಳುತ್ತ ಅಮ್ಮ ಹೋದಳಂತೆ. ತಂಗಿ ಆಗ ದೂರದ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಕೂತಿದ್ದಳು. ಪರೀಕ್ಷೆ ಮುಗಿಯುವ ತನಕ ಅವಳ ಕಿವಿಗೆ ಬೀಳಕೂಡದು ಎಂದು ಅಕ್ಕನೇ ಎಲ್ಲರ ಬಾಯಿ ಕಟ್ಟಿದ್ದಳು. ಮುಗಿಸಿ ಬಂದಾಗ ಮನೆಯಲ್ಲಿ ಅಮ್ಮನ ಚಪ್ಪಲಿ ಕೂಡ ಇರಲಿಲ್ಲ. ಎಷ್ಟು ಅತ್ತರೂ ಅದು ತಡವಾಗಿ ಅತ್ತದ್ದೇ ಆಯಿತು, ಅಷ್ಟು ಹೊತ್ತಿಗೆ ಉಳಿದವರದೆಲ್ಲ ಅಳು ಮುಗಿದಿತ್ತು.

ಎರಡನೆಯವಳು ಗರ್ಭಿಣಿ, ಮೂರನೆಯವನು ಮೂತ್ರದ ತೊಂದರೆಯ ಮುದುಕ. ಮುದುಕನಿಗೆ ಉಸಿರು ಹಿಡಿಯಿರಿ ಎಂದಳು, ಅವನು ಕೆನ್ನೆ ಉಬ್ಬಿಸಿ ಕಣ್ಣು ಮುಚ್ಚಿ ಹಿಡಿದ. ಅವತ್ತು ಅಕ್ಕನೂ ಹಾಗೆಯೇ ಹಿಡಿದಿದ್ದಳು. ಮೊದಲ ಅಳತೆ ಇಪ್ಪತ್ತೆಂಟು ಬಂದಿತ್ತು. ಉಸಿರು ಬಿಟ್ಟುಬಿಟ್ಟಳೇನೋ ಎಂದುಕೊಂಡು ಅಳಿಸಿದಳು. ಅದೇನೂ ತಪ್ಪಲ್ಲ, ಕೆಟ್ಟ ಅಳತೆಯನ್ನು ಅಳಿಸಬೇಕು, ಎಲ್ಲರೂ ಅಳಿಸುತ್ತಾರೆ, ಕಲಿಯಲು ಬಂದವರಿಗೆ ಅವಳೇ ಹಾಗೆ ಕಲಿಸಿದ್ದಾಳೆ. ಎರಡನೆಯದು ಹದಿನೇಳು. ನೋಡಿದೆಯಾ, ಅಂದುಕೊಂಡಳು. ಮೂರನೆಯದು ಇಪ್ಪತ್ತಾರು, ಪಕ್ಕೆಲುಬಿನ ನೆರಳು ಬಿದ್ದಿರಬೇಕು. ನಾಲ್ಕನೆಯದು ಮೂವತ್ತೊಂದು, ಇದಂತೂ ಸಾಧ್ಯವೇ ಇಲ್ಲ. ಒಂದೊಂದಕ್ಕೂ ಒಂದೊಂದು ನೆಪ, ಯಾವ ಪುಸ್ತಕ ತೆಗೆದು ನೋಡಿದರೂ ಸರಿಯಾದ ನೆಪ. ಹೀಗೆ ಏಳು ಅಳಿಸಿದಳು. ಏಳೂ ಇಪ್ಪತ್ತನಾಲ್ಕರ ಮೇಲಿನವು. ಕಡಿಮೆ ಬಂದ ಒಂದರಲ್ಲೂ ಅಕ್ಕನ ಉಸಿರು ಅಲುಗಿರಲಿಲ್ಲ, ಪಕ್ಕೆಲುಬು ಅಡ್ಡ ಬಂದಿರಲಿಲ್ಲ, ಎಂಥ ಸೋಜಿಗ! ಉಳಿದ ಹತ್ತರ ನಡುವಿನ ಸಂಖ್ಯೆ ಹದಿನೆಂಟೂ ಮುಕ್ಕಾಲು. 'ಹತ್ತಕ್ಕೆ ಹತ್ತು ಅಳತೆ ಯಶಸ್ವಿ' ಎಂದು ವರದಿಯಲ್ಲಿ ಬರೆದಳು. ಅಳಿಸಿದ ಏಳೂ ಸೇರಿ ಒಟ್ಟು ಹದಿನೇಳು ಅಳತೆಯನ್ನೂ ಇಟ್ಟುಕೊಂಡಿದ್ದರೆ ನಡುವಿನ ಸಂಖ್ಯೆ ಇಪ್ಪತ್ತೆರಡಾಗುತ್ತಿತ್ತು. ಆ ಲೆಕ್ಕವನ್ನು ಅವತ್ತು ಮಾಡಲಿಲ್ಲ. ನಾಲ್ಕು ದಿನದ ಕೆಳಗೆ, ಅಕ್ಕ ಬಚ್ಚಲಲ್ಲಿ ಬಕೆಟ್ಟಿನ ತುಂಬ ರಕ್ತ ಕಾರಿದಳು ಎಂದು ಭಾವ ಫೋನ್ ಮಾಡಿದ ಮೇಲೆ, ಫೋನ್ ಕೈಯಲ್ಲಿ ಹಿಡಿದುಕೊಂಡೇ ಮಾಡಿದಳು.

ಪ್ರೀತಿಯಿಂದ ಹಾಗೆ ಮಾಡಿದೆ ಎಂದು ನಂಬಲು ಈ ನಾಲ್ಕು ದಿನ ಪಟ್ಟ ಪಾಡು ಅಷ್ಟಿಷ್ಟಲ್ಲ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಬಾಗಿಲು ತೆರೆದು ಒಳ್ಳೆಯ ಸುದ್ದಿ ಹೇಳುವವಳು ತಾನೇ ಆಗಬೇಕಿತ್ತು. ನೆಂಟರಿಷ್ಟರ ನಡುವೆ ಅವಳಿಗೆ 'ಫೋಟೋ ಡಾಕ್ಟರು' ಎಂದು ಹೆಸರು. ಮದುವೆ ಮನೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ "ಡಾಕ್ಟ್ರನ್ನ ಕರೀರಿ" ಎಂದು ಕೂಗುತ್ತಾರೆ, ಅವಳು ಎದ್ದರೆ "ನೀನಲ್ಲಮ್ಮ, ನಿಜವಾದ ಡಾಕ್ಟ್ರು" ಎಂದು ನಗುತ್ತಾರೆ. ಅವಳೂ ನಗುತ್ತ ಕೂತುಬಿಡುತ್ತಾಳೆ. ಹೀಗೆ ಕೂತು ಕೂತು ಸಾಕಾಗಿತ್ತು. ಅಕ್ಕನನ್ನು ಟ್ಯೂಬಿನಿಂದ ಉಳಿಸಿದ್ದು ಯಾವ ನಿಜವಾದ ಡಾಕ್ಟರೂ ಅಲ್ಲ, ತಾನು. ಆ ಮಾತು ಮನೆಮನೆಗೂ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು, ಹೋಗಿಯೂ ಹೋಯಿತು. ಆದರೆ ಟ್ಯೂಬ್ ಇಳಿಸಿ ನಾಳ ಉಬ್ಬಿದ್ದು ಗೊತ್ತಾಗಿದ್ದರೆ ಅವತ್ತೇ ಮಾತ್ರೆ ಶುರುಮಾಡುತ್ತಿದ್ದರು, ಉಬ್ಬಿದ ನಾಳಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಬಿಡುತ್ತಿದ್ದರು. ಈಗಲೂ ಕಟ್ಟಿದ್ದಾರೆ, ಒಡೆದ ಮೇಲೆ. ಬೇಡ ಬೇಡವೆಂದ ಟ್ಯೂಬನ್ನೇ ಇಳಿಸಿ, ರಕ್ತದ ನಡುವೆ ತಡಕಾಡಿ.

ಐದನೆಯ ರೋಗಿ ಮುಗಿಸಿ ನೀರು ಕುಡಿಯಲು ಹೊರಗೆ ಬಂದಳು. ಬೆಂಚಿನ ಮೇಲೆ ಭಾವ, ತೊಡೆಯ ಮೇಲೆ ಅಕ್ಕನ ಸ್ವೆಟರ್ ಇಟ್ಟುಕೊಂಡು ಕೂತಿದ್ದರು. ಕಂಡು ಸರಿದು ಜಾಗ ಮಾಡಿದರು. ಅವಳು ಕೂರಲಿಲ್ಲ. "ವಾರ್ಡಲ್ಲಿ ಪಕ್ಕದ ಬೆಡ್ಡಿನೋರು ಕೇಳ್ತಾರೆ, ನಿಮ್ಮೆಜಮಾನ್ತಿ ಕುಡೀತಿದ್ರಾ ಅಂತ" ಎಂದರು ಭಾವ. "ಅದಕ್ಕೆ ನಿಮ್ಮಕ್ಕ, ನಾನು ಕೆಮ್ಮಿನ ಸಿರಪ್ಪೂ ಎರಡು ಚಮಚದ ಮೇಲೆ ಕುಡಿದೋಳಲ್ಲ, ಸಕ್ಕರೆ ಕಾಯಿಲೆ ಲಿವರಿಗೆ ಬಂದಿದ್ದು ಅಂತ ಜಗಳಕ್ಕೇ ನಿಂತಳು. ದನಿ ಗಟ್ಟಿಯಿದೆ, ಅದೊಂದು ಸಮಾಧಾನ." ಸ್ವೆಟರಿನ ಗುಂಡಿ ತಿರುವುತ್ತ, "ಅವತ್ತು ಆ ಟ್ಯೂಬ್ ಹಾಕ್ಸಿದ್ರೆ ಮೊದ್ಲೇ ಗೊತ್ತಾಗ್ತಿತ್ತೇನೋ, ಅಲ್ವೇನಮ್ಮಾ? ಸುಮ್ನೆ ಕೇಳ್ದೆ" ಎಂದರು. "ಕೆಲವು ಸಲ ಹೀಗಾಗುತ್ತೆ ಭಾವ. ಯಾವ ಟೆಸ್ಟೂ ನೂರಕ್ಕೆ ನೂರು ಅಂತಿರಲ್ಲ." ವರದಿಗಳಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದೂ ಬರೆದೂ ನಾಲಿಗೆಗೂ ಅದೇ ಅಭ್ಯಾಸವಾಗಿಬಿಟ್ಟಿತ್ತು. "ಹೌದ್ಹೌದು" ಎಂದರು ಭಾವ, ಕೇಳಿದ್ದೇ ತಪ್ಪಾಯಿತು ಅನ್ನುವವರ ಹಾಗೆ. "ನಿನಗಿಂತ ಚೆನ್ನಾಗಿ ನೋಡೋರು ಯಾರಿದ್ದಾರೆ."

ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಂದರು. ನಾಲ್ಕು ದಿನದಲ್ಲಿ ಮುಖ ಇಳಿದುಹೋಗಿತ್ತು, ಹೊಟ್ಟೆ ಮಾತ್ರ ಉಬ್ಬಿತ್ತು. ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು. ಮಂಚ ಹತ್ತಿಸುವಾಗ ಅಕ್ಕನ ಕಂಕುಳಿಗೆ ಕೈ ಕೊಟ್ಟ ಅವಳಿಗೆ, ಮಗುವಾಗಿದ್ದಾಗ ತನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ತೋಳು ಇದೇನಾ ಅನ್ನಿಸಿತು. "ಏನ್ ಹಾಗ್ ನೋಡ್ತೀಯ? ಸತ್ತಿಲ್ಲ ಇನ್ನೂ" ಎಂದಳು ಅಕ್ಕ. ಅಷ್ಟರಲ್ಲಿ ಲಿವರ್ ಡಾಕ್ಟರು ಬಂದರು. ಯಾವತ್ತೂ ದನಿ ಎತ್ತಿ ಮಾತಾಡದ ಅವರಿಗೆ ಆಸ್ಪತ್ರೆಯ ಜನ ಪಿಸುಮಾತು ಎಂದು ಹೆಸರಿಟ್ಟಿದ್ದರು. "ನಾನೂ ನೋಡ್ಬಹುದಾ ಮೇಡಂ?" ಎಂದು ಕೇಳಿ ಅವಳ ಕುರ್ಚಿಯ ಹಿಂದೆ ನಿಂತರು. ಬೇಡ ಅನ್ನಲು ಅವಳಿಗೆ ಕಾರಣ ಸಿಗಲಿಲ್ಲ.

ದೀಪ ಆರಿಸಿದರು. ಪ್ರೋಬ್ ಇಟ್ಟ ಕೂಡಲೇ ಎಲ್ಲ ಕಂಡಿತು, ಹುಡುಕುವ ಕೆಲಸವೇ ಇರಲಿಲ್ಲ. ಲಿವರಿನ ಸುತ್ತ ನೀರು, ಅಂಚು ಉಬ್ಬುತಗ್ಗು. ಗುಲ್ಮ ಊದಿಕೊಂಡು ಹದಿನೈದು ಸೆಂಟಿಮೀಟರ್. ಅವಳು ಪೋರ್ಟಲ್ ನಾಳದ ಮೇಲೆ ಬಣ್ಣದ ಚೌಕ ಇಟ್ಟಳು. ಲಿವರಿನ ಕಡೆಗೆ ಹೋಗುವ ರಕ್ತ ಕೆಂಪಗೆ ಕಾಣಬೇಕು. ನೀಲಿ ಕಂಡಿತು. ಯಂತ್ರದ ಬಣ್ಣ ಅದಲುಬದಲಾಗಿದೆಯೇ ಎಂದು ನೋಡಿದಳು, ಆಗಿರಲಿಲ್ಲ. ಕೋನ ಬದಲಿಸಿ ನೋಡಿದಳು. ನೀಲಿ. ಲಿವರಿಗೆ ಬರಬೇಕಾದ ರಕ್ತ ಬಾಗಿಲವರೆಗೂ ಬಂದು ಹಿಂದಕ್ಕೆ ಹೋಗುತ್ತಿತ್ತು, ಮೆಲ್ಲಗೆ, ಅವಸರವಿಲ್ಲದೆ. ಬೆನ್ನ ಹಿಂದೆ ಲಿವರ್ ಡಾಕ್ಟರು ಉಸಿರೆಳೆದುಕೊಂಡದ್ದು ಕೇಳಿಸಿತು. ಬೇರೆ ಲಿವರ್ ಹಾಕಿಸುವ ಮಾತು ಎತ್ತುವ ಹಾಗಿರಲಿಲ್ಲ, ಅಕ್ಕನ ಹೃದಯ ಅದನ್ನು ತಡೆಯುವುದಿಲ್ಲವೆಂದು ಮೊನ್ನೆಯೇ ಗೊತ್ತಾಗಿತ್ತು.

ಕೋಣೆಯ ಮೌನ ಅಕ್ಕನಿಗೆ ಹಿಡಿಸಲಿಲ್ಲ. ಎಂದೂ ಹಿಡಿಸಿದ್ದಿಲ್ಲ. "ಏನ್ ಡಾಕ್ಟ್ರೇ, ಸುಮ್ನಾಗ್ಬಿಟ್ರಿ?" ಎಂದು ಕತ್ತಲಲ್ಲೇ ಮಾತು ತೆಗೆದಳು. "ನನ್ನ ತಂಗಿ ನೋಡೋ ರೀತಿ ನೋಡಿದ್ದೀರಾ ನೀವು? ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾಳೆ. ಹೋದ್ಸಲ ಏನ್ಮಾಡಿದ್ಳು ಗೊತ್ತಾ? ಎಲ್ಲರಿಗೂ ಹತ್ತು ಸಲ ಉಸಿರು ಹಿಡಿಸಿ ಅಳತೆ ತಗೋತಾರಂತೆ, ಇವಳೇ ಹೇಳಿದ್ದು. ನನಗೆ ಹದಿನೇಳು ಸಲ! ನಾನು ಎಣಿಸ್ದೆ. ಗಾರ್ಮೆಂಟ್ಸಲ್ಲಿ ಮೂವತ್ತೊಂದು ವರ್ಷ ಪ್ಯಾಕಿಂಗಲ್ಲಿದ್ದೋಳು ನಾನು, ಎಣಿಕೆ ತಪ್ಪಲ್ಲ. ಬೇರೆಯವರಿಗೆ ಹತ್ತು, ಅಕ್ಕ ಅಂತ ನನಗೆ ಏಳು ಜಾಸ್ತಿ. ವಾರ್ಡಲ್ಲೆಲ್ಲ ಹೇಳ್ದೆ, ತಂಗಿ ಅಂದ್ರೆ ಹೀಗಿರ್ಬೇಕು ಅಂತ." ನರ್ಸಮ್ಮ ಹೂಂಗುಟ್ಟಿದಳು. ತಂಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕುತ್ತಿಗೆಯ ಹಿಂಭಾಗ ಬಿಸಿಯಾಗುತ್ತ ಹೋಗಿ ಕಿವಿಯವರೆಗೂ ಏರಿತು. ಪ್ರೋಬ್ ಹಿಡಿದ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಅದು ಸುಮ್ಮನೆ ಅನ್ನುವ ಮಾತಲ್ಲ ಎಂದು ಗೊತ್ತಾಯಿತು. ಲಿವರ್ ಡಾಕ್ಟರು, "ಹೌದಾ ಅಮ್ಮ, ಹದಿನೇಳಾ?" ಎಂದರು, ಅಷ್ಟೇ.

ಅವರು ಹೊರಟಾಗ ಬಾಗಿಲವರೆಗೂ ಹೋದಳು, ಅವರೇನೂ ಕರೆದಿರಲಿಲ್ಲ. "ರಿಪೋರ್ಟಲ್ಲಿ ಹತ್ತಕ್ಕೆ ಹತ್ತು ಅಂತಿತ್ತಲ್ವಾ ಮೇಡಂ" ಎಂದರು, ಪ್ರಶ್ನೆಯ ರಾಗವೂ ಇಲ್ಲದೆ. ಅವಳು ಹೌದೆಂದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನಿದನ್ನ ಎಲ್ಲೂ ಬರೆಯಲ್ಲ. ಬರೆದು ಏನಾಗ್ಬೇಕಿದೆ ಈಗ. ಆ ಹದಿನೆಂಟೂ ಮುಕ್ಕಾಲು ನೋಡಿ ಟ್ಯೂಬ್ ಬೇಡ ಅಂತ ಸೈನ್ ಹಾಕಿದ್ದು ನಾನೇ." ಬೈಯಬಾರದಿತ್ತೇ, ಎಂದುಕೊಂಡಳು. ಬಾಯಿಗೆ ಬಂದ ಹಾಗೆ ಬೈದಿದ್ದರೆ ಒಂದು ಹಂತಕ್ಕೆ ಬರುತ್ತಿತ್ತು. ಅವರು ಮೆಟ್ಟಿಲು ಹತ್ತಿ ಹೋದರು. ಯಾರೂ ಏನೂ ಮಾಡುವುದಿಲ್ಲ, ಯಾರೂ ಏನೂ ಕೇಳುವುದಿಲ್ಲ. ಅಕ್ಕ ಈ ಹದಿನೇಳರ ಕಥೆಯನ್ನು ಹೇಳುತ್ತ ಹೇಳುತ್ತ ಒಂದು ದಿನ ಹೋಗಿಬಿಡುತ್ತಾಳೆ, ಆಮೇಲೆ ಭಾವ ಅದನ್ನು ಹೇಳುತ್ತಾರೆ, ಬಂದವರೆಲ್ಲ ತಲೆದೂಗುತ್ತಾರೆ.

ಒಳಗೆ ಬಂದು, ಗಾಲಿಕುರ್ಚಿಯವನನ್ನು ಕರೆತರಲು ನರ್ಸಮ್ಮನನ್ನು ಕಳಿಸಿದಳು. ಅಕ್ಕ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳಲು ಹೆಣಗುತ್ತಿದ್ದಳು. ಅವಳು ಟವೆಲ್ ತೆಗೆದುಕೊಂಡು ತಾನೇ ಒರೆಸಿದಳು. "ಅಕ್ಕಾ" ಎಂದಳು. "ಅವತ್ತು ಹದಿನೇಳು ಯಾಕಾಯ್ತು ಅಂದ್ರೆ, ಪ್ರೀತಿಗಲ್ಲ. ಜಾಸ್ತಿ ಬಂದಿದ್ದನ್ನೆಲ್ಲ ಅಳಿಸ್ದೆ. ಏಳು ಅಳಿಸ್ದೆ. ಟ್ಯೂಬ್ ಬೇಡ ಅಂತ ಬರೋವರೆಗೂ ಅಳತೆ ತಗೋತಾನೇ ಹೋದೆ. ಸರಿಯಾಗಿ ತಗೊಂಡಿದ್ರೆ ನಿಂಗೆ ಅವತ್ತೇ ಟ್ಯೂಬ್ ಹಾಕ್ತಿದ್ರು, ಅವತ್ತೇ ಕಟ್ತಿದ್ರು. ಹೀಗಾಗ್ತಿರ್ಲಿಲ್ಲವೇನೋ." ಇಷ್ಟು ಹೇಳಿ ಮುಗಿಸಿದಾಗ ಹಗುರಾಗುತ್ತದೆಂದು ಎಲ್ಲೋ ಒಳಗೆ ಆಸೆಯಿತ್ತು. ಆಗಲಿಲ್ಲ. ಈಗ ಅದು ಇಬ್ಬರ ಮೇಲೂ ಕೂತಿತು, ಅಷ್ಟೇ.

ಅಕ್ಕ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ನಾನು ಹಾಕಿಸ್ಕೋತಿದ್ದೆ ಕಣೇ" ಎಂದಳು. "ಹೆದರ್ಕೊಂಡೇ ಹಾಕಿಸ್ಕೋತಿದ್ದೆ. ಅಳ್ತಾ ಹಾಕಿಸ್ಕೋತಿದ್ದೆ. ಬೇಡ ಬೇಡ ಅಂದಿದ್ದು ನಿನ್ನ ಹತ್ರ. ಭಯ ಆಗುತ್ತೆ ಅಂತ ನಿನ್ನ ಹತ್ರ ಹೇಳ್ದೆ ಇನ್ಯಾರ ಹತ್ರ ಹೇಳ್ಲಿ? ಹಾಗಂದೆ ಅಂತ ನೀನು ಕೇಳ್ಬಿಡೋದಾ?"

ಅವಳಿಗೆ ಇದು ಹೊಳೆದೇ ಇರಲಿಲ್ಲ. ನಾಲ್ಕು ದಿನ, ಹಿಂದೆ ಮುಂದೆ ಎಲ್ಲ ಕಡೆಯಿಂದ ತಿರುಗಿಸಿ ನೋಡಿದ್ದಳು. ಅಕ್ಕ ಸುಮ್ಮನೆ ಭಯ ತೋಡಿಕೊಂಡಿದ್ದಳು ಎಂಬ ಈ ಸಣ್ಣ ಮಾತು ತಲೆಗೆ ಬಂದಿರಲಿಲ್ಲ. "ತಪ್ಪಾಯ್ತು ಅಕ್ಕ" ಎಂದಳು. ಕಾಲು ತುಳಿದಾಗ ಅನ್ನುವ ಮಾತಿನ ಹಾಗೆ ಕೇಳಿಸಿತು. ಅಕ್ಕನ ಪಾದ ಮುಟ್ಟಲು ಹೋದಳು, ಅಕ್ಕ ಕಾಲು ಎಳೆದುಕೊಂಡಳು, ಸಿಟ್ಟಿನಿಂದಲ್ಲ, ಆಸ್ಪತ್ರೆಯ ಕಾಲು ಕೊಳೆಯಾಗಿದೆ ಅನ್ನುವ ಹಾಗೆ.

"ಈಗೇನು ಕಂಡಿ ಅದರಲ್ಲಿ?" ಎಂದಳು ಅಕ್ಕ, ಪರದೆಯ ಕಡೆ ಗದ್ದ ತೋರಿಸಿ.

ಅವಳು ಹೇಳಿದಳು. ಎಲ್ಲವನ್ನೂ, ಅಡ್ಡಗೋಡೆ ದೀಪ ಯಾವುದೂ ಇಲ್ಲದೆ. ರಕ್ತ ಹಿಂದಕ್ಕೆ ಹರಿಯುತ್ತಿದೆ ಎಂದಳು. ಹೊಟ್ಟೆಯಲ್ಲಿ ನೀರು ತುಂಬುತ್ತಿದೆ, ಮತ್ತೆ ರಕ್ತ ಹೋಗಬಹುದು, ಹೋದರೆ ನಿಲ್ಲಿಸುವುದು ಕಷ್ಟ ಎಂದಳು. ಎಷ್ಟು ದಿನ ಎಂದು ಅಕ್ಕ ಕೇಳಿದಳು, ತಿಂಗಳುಗಳ ಲೆಕ್ಕ, ವರ್ಷದ್ದಲ್ಲ ಎಂದಳು. ಹೀಗೆ ನಿಜ ಹೇಳುವುದು ಇಷ್ಟು ಸಲೀಸೇ ಎಂದು ಅವಳಿಗೇ ಬೆರಗಾಯಿತು.

ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು, ಡಬ್ಬದಿಂದ ಹೊರಗೆ ತೆಗೆದ ಅಂಗಿಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. "ಇದರಲ್ಲೇನಾದ್ರೂ ತೆಗೆದುಹಾಕಿದ್ದೀಯಾ?"

"ಇಲ್ಲ ಅಕ್ಕ. ನಿನ್ನಾಣೆ."

"ಸೇರಿಸಿದ್ದೀಯಾ? ತಪ್ಪು ಮಾಡ್ದೆ ಅಂತ ಹೆದರಿ ಜಾಸ್ತಿ ಹೇಳ್ತಿದ್ದೀಯೋ ಏನೋ."

"ಇಲ್ಲ."

"ನನಗೆ ಹೇಗೆ ಗೊತ್ತಾಗ್ಬೇಕು" ಎಂದಳು ಅಕ್ಕ. ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. ಬಾಗಿಲು ತಳ್ಳಿಕೊಂಡು ನರ್ಸಮ್ಮ ಗಾಲಿಕುರ್ಚಿಯವನ ಜೊತೆ ಒಳಗೆ ಬಂದಳು. ಅಕ್ಕ ಮಂಚದಿಂದ ಇಳಿಯಲಿಲ್ಲ. "ನರ್ಸಮ್ಮಾ, ಇಲ್ಲಿ ಸ್ಕ್ಯಾನಿಂಗಿಗೆ ಬೇರೆ ಡಾಕ್ಟ್ರು ಯಾರಾದ್ರೂ ಇದ್ದಾರಾ?" ಎಂದಳು. ನರ್ಸಮ್ಮ ಡಾಕ್ಟರಮ್ಮನ ಮುಖ ನೋಡಿದಳು.

"ಯಾರು ನೋಡಿದ್ರೂ ಇದೇ ಕಾಣೋದು ಅಕ್ಕ" ಎಂದಳು ಅವಳು.

"ಕಾಣ್ಲಿ. ಅವರ ಬಾಯಿಂದ ಕೇಳ್ತೀನಿ."

ಮಧ್ಯಾಹ್ನ ಎರಡಕ್ಕೆ ಇನ್ನೊಬ್ಬ ಡಾಕ್ಟರು ಬರುವವರಿದ್ದರು. ಅವರ ಪಟ್ಟಿಗೆ ಅಕ್ಕನನ್ನು ಸೇರಿಸಲು ಅವಳು ಕಂಪ್ಯೂಟರಿನ ಮುಂದೆ ಕೂತಳು. ಮತ್ತೊಮ್ಮೆ ಸ್ಕ್ಯಾನ್ ಮಾಡಲು ಕಾರಣವೇನು ಎಂದು ಅದು ಕೇಳಿತು. ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಹಿಂದೆ ಅಕ್ಕ ಸ್ವೆಟರ್ ಎಲ್ಲಿ, ಚಳಿಯಾಗುತ್ತಿದೆ ಎಂದು ನರ್ಸಮ್ಮನನ್ನು ಕೇಳುತ್ತಿದ್ದಳು. ಅವಳು 'ರೋಗಿಯ ಅಪೇಕ್ಷೆ' ಎಂದು ತುಂಬಿದಳು.